ಬರಿಗಾಲಿನ ಲಯ

2007ರ ಮಾರ್ಚ್ 17ರ ಸಂಜೆ ಬೆಂಗಳೂರಿನ ಅರಮನೆ ಮೈದಾನದಲ್ಲಿ ಸಾವಿರಾರು ಯುವಕರು ಕಪ್ಪು ಅಂಗಿ ತೊಟ್ಟು ಸೇರಿದ್ದರು. ಅಂಗಿಯ ಎದೆಯ ಮೇಲೆ 'ಎಡ್ಡಿ' ಎಂಬ ಹೆಸರಿನ, ಚರ್ಮ ಸುಲಿದ ಭೂತದಂಥ ಆಕೃತಿ. ಕಂಡವರು ಬೆಚ್ಚಬೇಕು, ಹಾಗಿತ್ತು. ಅದು ಇಂಗ್ಲೆಂಡಿನ 'ಐರನ್ ಮೇಡನ್' ತಂಡದ ಲಾಂಛನ. ಹೆವಿ ಮೆಟಲ್ ಸಂಗೀತದ ಮೊದಲ ಸಾಲಿನ ತಂಡವೊಂದು ಭಾರತಕ್ಕೆ ಬಂದು ಪೂರ್ಣ ಕಾರ್ಯಕ್ರಮ ಕೊಟ್ಟದ್ದು ಅದೇ ಮೊದಲು ಎಂದು ಆಗ ಪತ್ರಿಕೆಗಳು ಬರೆದವು. ಮುಂಬಯಿ, ದೆಹಲಿಗಳನ್ನು ಬಿಟ್ಟು ಆ ಗೌರವ ಬೆಂಗಳೂರಿಗೆ ಸಂದಿತ್ತು.

ಆ ರಾತ್ರಿ ವೇದಿಕೆಯಲ್ಲಿ ಎದ್ದು ಕಂಡವರು ಹಾಡುಗಾರ ಬ್ರೂಸ್ ಡಿಕಿನ್‌ಸನ್, ಬಾಸ್ ಗಿಟಾರಿನ ಸ್ಟೀವ್ ಹ್ಯಾರಿಸ್ ಮತ್ತು ಮೂವರು ಗಿಟಾರ್ ವಾದಕರು. ಆರನೆಯವನು ಕಂಡದ್ದು ಕಡಿಮೆ. ಎತ್ತರಕ್ಕೆ ಜೋಡಿಸಿದ ಡ್ರಮ್‌ಗಳು, ಅವುಗಳ ಮೇಲೆ ತೂಗುವ ಕಂಚಿನ ತಟ್ಟೆಗಳು. ಅವುಗಳ ಹಿಂದೆ ಕುಳಿತವನ ಕೋಲುಗಳ ತುದಿ, ಆಗೊಮ್ಮೆ ಈಗೊಮ್ಮೆ ಕೆದರಿದ ಕೂದಲು, ಇಷ್ಟೇ ಜನರ ಕಣ್ಣಿಗೆ ಬೀಳುತ್ತಿದ್ದುದು. ಆ ಗೋಡೆಯ ಬುಡದಲ್ಲಿ, ಯಾರಿಗೂ ಕಾಣದ ಜಾಗದಲ್ಲಿ, ಪೆಡಲ್ ಒಂದರ ಮೇಲೆ ಆತನ ಬಲಗಾಲಿತ್ತು. ಬೂಟಿಲ್ಲದ, ಕಾಲುಚೀಲವೂ ಇಲ್ಲದ ಬರಿಗಾಲು. ಮೈದಾನದ ಕೊನೆಯಲ್ಲಿ ನಿಂತವರ ಎದೆಯನ್ನೂ ಗುದ್ದುತ್ತಿದ್ದ ಸದ್ದು ಹೊರಡುತ್ತಿದ್ದುದು ಅಲ್ಲಿಂದ. ಆತನ ಹೆಸರು ನಿಕೊ ಮೆಕ್‌ಬ್ರೇನ್. ಅಂದಿಗೆ ಆತನಿಗೆ 54 ವರ್ಷ.

ಡ್ರಮ್ ಸೆಟ್ ನಮ್ಮ ಜನಕ್ಕೆ ಅಪರಿಚಿತವೇನಲ್ಲ. ಗಣೇಶನ ಹಬ್ಬಕ್ಕೋ ರಾಜ್ಯೋತ್ಸವಕ್ಕೋ ಬರುವ ಆರ್ಕೆಸ್ಟ್ರಾದಲ್ಲಿ ಹಾಡುಗಾರರ ಹಿಂದೆ ಅದನ್ನು ನೋಡದವರಿಲ್ಲ. ಆದರೆ ಅದರ ಒಳಗುಟ್ಟು ತಿಳಿಯಲು ತಮಟೆ ಮೇಳವನ್ನು ನೆನೆಯುವುದು ಒಳ್ಳೆಯದು. ಶಿಂಷಾ ದಡದ ವೈದ್ಯನಾಥಪುರ, ಮದ್ದೂರು, ಮಳವಳ್ಳಿಯ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ತಮಟೆ, ನಗಾರಿ ಒಟ್ಟಿಗೆ ಮೊಳಗಿದಾಗ ಸದ್ದು ಕಿವಿಗಿಂತ ಮೊದಲು ಎದೆಗೆ ತಾಗುತ್ತದೆ. ಅಲ್ಲಿ ಒಬ್ಬೊಬ್ಬರಿಗೆ ಒಂದೊಂದು ವಾದ್ಯ. ಒಬ್ಬ ಕಾಲಪ್ರಮಾಣ ಹಿಡಿದರೆ ಇನ್ನೊಬ್ಬ ಅದರ ಮೇಲೆ ಉರುಳಿಕೆ ಹಾಕುತ್ತಾನೆ. ಅಮೆರಿಕದ ಬೀದಿ ಬ್ಯಾಂಡುಗಳಲ್ಲಿಯೂ ಹೀಗೆಯೇ ಇತ್ತು. ದೊಡ್ಡ ಡೋಲಿಗೊಬ್ಬ, ಚಿಕ್ಕ ಡೋಲಿಗೊಬ್ಬ, ತಾಳದ ತಟ್ಟೆಗೊಬ್ಬ. ಬ್ಯಾಂಡು ಬೀದಿ ಬಿಟ್ಟು ನಾಟಕಶಾಲೆಯ ಇಕ್ಕಟ್ಟಿಗೆ ಬಂದಾಗ ಮೂವರಿಗೆ ಜಾಗವೂ ಇರಲಿಲ್ಲ, ಸಂಬಳ ಕೊಡುವ ಮನಸ್ಸೂ ಮಾಲೀಕರಿಗಿರಲಿಲ್ಲ. ಮೂವರ ಕೆಲಸ ಒಬ್ಬನ ಹೆಗಲಿಗೆ ಬಿತ್ತು. ದೊಡ್ಡ ಡೋಲನ್ನು ನೆಲದ ಮೇಲೆ ಅಡ್ಡ ನಿಲ್ಲಿಸಿ ಕಾಲಿನಿಂದ ಬಾರಿಸುವ ಪೆಡಲನ್ನು 1909ರಲ್ಲಿ ಶಿಕಾಗೋದ ಲುಡ್‌ವಿಗ್ ಎಂಬಾತ ಸುಧಾರಿಸಿ ಪೇಟೆಂಟ್ ಪಡೆದ. 1920ರ ದಶಕದಲ್ಲಿ ಎಡಗಾಲಿಗೂ ಕೆಲಸ ಸಿಕ್ಕಿತು. ಒಂದರ ಮೇಲೊಂದು ಕೂರುವ ಎರಡು ತಟ್ಟೆಗಳನ್ನು ಕಾಲಿನಿಂದಲೇ ಮುಚ್ಚಿ ತೆರೆಯುವ 'ಹೈ-ಹ್ಯಾಟ್' ಬಂತು.

ಮೃದಂಗ, ತಬಲಗಳ ಇಡೀ ವಿದ್ಯೆ ಬೆರಳು, ಅಂಗೈಗಳಲ್ಲಿದೆ. ಚಕ್ಕಳಮಕ್ಕಳ ಹಾಕಿ ಕೂತ ಮೇಲೆ ಕಾಲಿಗೆ ಅಲ್ಲಿ ಕೆಲಸವೇ ಇಲ್ಲ. ಡ್ರಮ್ ಸೆಟ್ಟಿನಲ್ಲಿ ಹಾಗಲ್ಲ, ಎರಡು ಕೈ, ಎರಡು ಕಾಲು ನಾಲ್ಕು ಬೇರೆ ಬೇರೆ ಮಾತಾಡಬೇಕು. ಇವುಗಳಲ್ಲಿ ಬಲಗಾಲಿನದು ತಳಪಾಯದ ಕೆಲಸ. ಅದು ತಪ್ಪಿದರೆ ಉಳಿದ ಐವರೂ ತಪ್ಪಿದಂತೆ.

ಹೆವಿ ಮೆಟಲ್ ಎಂಬ ಸಂಗೀತ ಹುಟ್ಟಿದ್ದು 1960ರ ದಶಕದ ಕೊನೆಯಲ್ಲಿ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದ 'ಬ್ಲ್ಯಾಕ್ ಸಬಾತ್' ತಂಡವನ್ನು ಅದರ ಮೂಲಪುರುಷರೆಂದು ಎಣಿಸುವುದು ವಾಡಿಕೆ. ಲೋಹದ ಕಾರ್ಖಾನೆಗಳ ಊರು ಅದು. ಆ ತಂಡದ ಗಿಟಾರ್ ವಾದಕ ಟೋನಿ ಅಯೋಮಿ ಹದಿನೇಳನೆಯ ವಯಸ್ಸಿನಲ್ಲಿ ತಗಡಿನ ಕಾರ್ಖಾನೆಯ ಯಂತ್ರಕ್ಕೆ ಬಲಗೈಯ ಎರಡು ಬೆರಳ ತುದಿಗಳನ್ನು ಕಳೆದುಕೊಂಡವನು. ಪ್ಲಾಸ್ಟಿಕ್ ಬಾಟಲಿಯನ್ನು ಕರಗಿಸಿ ಬೆರಳಿಗೆ ಟೊಪ್ಪಿಗೆ ಮಾಡಿಕೊಂಡು, ತಂತಿಗಳ ಬಿಗಿತ ಸಡಿಲಿಸಿ ಬಾರಿಸಿದ. ಆ ಸಡಿಲ ತಂತಿಯ ಮಂದ್ರವೇ ಮುಂದೆ ಇಡೀ ಪ್ರಕಾರದ ನಾದವಾಯಿತು. ಗಾಯಗೊಂಡ ದೇಹಕ್ಕೂ ಈ ಸಂಗೀತಕ್ಕೂ ಹೀಗೆ ಮೊದಲಿನಿಂದ ನಂಟು.

ಸದ್ದು ಏರಿದಂತೆ ವೇಗವೂ ಏರಿತು. ಒಂದು ಕಾಲು ಸಾಲದೆ ಡ್ರಮ್ಮರ್‌ಗಳು ಎರಡನೆಯ ಬಾಸ್ ಡ್ರಮ್ ತಂದಿಟ್ಟುಕೊಂಡರು. ಈ ಜೋಡಿ ಡೋಲಿನ ಉಪಾಯ ಜಾಜ್‌ನ ಲೂಯಿ ಬೆಲ್‌ಸನ್‌ನದು, ಹಳೆಯದೇ. ಮೆಟಲ್‌ನಲ್ಲಿ ಅದಕ್ಕೆ ನಾಂದಿ ಹಾಡಿದ್ದು 1979ರಲ್ಲಿ 'ಮೋಟರ್‌ಹೆಡ್' ತಂಡದ ಫಿಲ್ ಟೇಲರ್. 'ಓವರ್‌ಕಿಲ್' ಎಂಬ ಹಾಡಿನಲ್ಲಿ ಆತನ ಎರಡು ಕಾಲುಗಳು ಹೊಲಿಗೆ ಯಂತ್ರದಂತೆ ಓಡಿದವು. 80ರ ದಶಕದಲ್ಲಿ ಅಮೆರಿಕದ 'ಸ್ಲೇಯರ್' ತಂಡದ ಡೇವ್ ಲೊಂಬಾರ್ಡೊ ಅದನ್ನು ಇನ್ನಷ್ಟು ವೇಗಕ್ಕೆ ಒಯ್ದ. ಜೋಡಿ ಪೆಡಲ್ ಇಲ್ಲದೆ ಮೆಟಲ್ ಇಲ್ಲ ಎನ್ನುವ ಕಾಲ ಬಂತು. ನಿಕೊ ಮೆಕ್‌ಬ್ರೇನ್ ಮಾತ್ರ ಒಂದೇ ಪೆಡಲ್, ಒಂದೇ ಪಾದವನ್ನು ಬಿಡಲಿಲ್ಲ.

ಆತ ಹುಟ್ಟಿದ್ದು 1952ರ ಜೂನ್ 5ರಂದು, ಪೂರ್ವ ಲಂಡನ್ನಿನ ಹ್ಯಾಕ್ನಿಯಲ್ಲಿ. ಇಟ್ಟ ಹೆಸರು ಮೈಕೆಲ್ ಹೆನ್ರಿ. ಮಗುವಾಗಿದ್ದಾಗ ಬಿಡದೆ ಅಪ್ಪಿಕೊಂಡು ತಿರುಗುತ್ತಿದ್ದ 'ನಿಕೋಲಸ್' ಎಂಬ ಬೊಂಬೆ ಕರಡಿಯ ದೆಸೆಯಿಂದ ನಿಕಿ ಆದ, ಮುಂದೆ ನಿಕೊ ಆದ. ಭಯಂಕರ ಭೂತದ ಚಿತ್ರ ಹೊತ್ತು ತಿರುಗುವ ತಂಡದ ಡ್ರಮ್ಮರನಿಗೆ ಬೊಂಬೆ ಕರಡಿಯ ಹೆಸರು! ತಂದೆಗೆ ಜಾಜ್ ಎಂದರೆ ಪ್ರಾಣ. ಹುಡುಗ ಒಮ್ಮೆ ಟೆಲಿವಿಷನ್‌ನಲ್ಲಿ ಅಮೆರಿಕದ ಡೇವ್ ಬ್ರೂಬೆಕ್ ತಂಡವನ್ನು ನೋಡಿದ. ಪಿಯಾನೋ ಬಾರಿಸುತ್ತಿದ್ದ ಬ್ರೂಬೆಕ್ ಆತನ ಕಣ್ಣಿಗೆ ಬೀಳಲಿಲ್ಲ. ಹಿಂದೆ ಕುಳಿತ ಡ್ರಮ್ಮರ್ ಜೋ ಮೊರೆಲೊ ಕಣ್ಣಿಗೆ ಬಿದ್ದ. ಅಲ್ಲಿಂದ ಅಡುಗೆಮನೆಯ ಪಾತ್ರೆ, ಡಬ್ಬಗಳಿಗೆ ನೆಮ್ಮದಿ ಇಲ್ಲವಾಯಿತು. ಹನ್ನೆರಡನೆಯ ವಯಸ್ಸಿಗೆ ತಂದೆ ಮಗನಿಗೊಂದು ಡ್ರಮ್ ಸೆಟ್ ಕೊಡಿಸಿದ. ಪಾತ್ರೆಗಳ ಮೇಲಿನ ಕನಿಕರವೂ ಅದಕ್ಕೆ ಒಂದು ಕಾರಣವಿರಬಹುದು.

ಈ ಜೋ ಮೊರೆಲೊ ಬಗ್ಗೆ ಎರಡು ಮಾತು ಹೆಚ್ಚು ಹೇಳಬೇಕು, ಏಕೆಂದರೆ ಆತ ನಮ್ಮ ಕಡೆ ಬಂದುಹೋದವನು. 1958ರಲ್ಲಿ ಅಮೆರಿಕ ಸರ್ಕಾರ ಬ್ರೂಬೆಕ್ ತಂಡವನ್ನು ಸಾಂಸ್ಕೃತಿಕ ರಾಯಭಾರಕ್ಕೆಂದು ಏಷ್ಯಕ್ಕೆ ಕಳಿಸಿತು. ಭಾರತದ ಹಲವು ನಗರಗಳಲ್ಲಿ ತಂಡ ನುಡಿಸಿತು. ಮದರಾಸಿನಲ್ಲಿ ಅವರಿಗೆ ಪಳನಿ ಸುಬ್ರಮಣ್ಯ ಪಿಳ್ಳೆಯವರ ಮೃದಂಗದ ಸಂಗ ಒದಗಿತು. ಊರಿಗೆ ಮರಳಿದ ಮೇಲೆ ಬ್ರೂಬೆಕ್ ಆ ಪ್ರವಾಸದ ನೆನಪಿಗೆ ಹೊರತಂದ ಧ್ವನಿಮುದ್ರಿಕೆಯಲ್ಲಿ 'ಕಲ್ಕತ್ತಾ ಬ್ಲೂಸ್' ಎಂಬ ರಚನೆಯಿದೆ. ಅದರಲ್ಲಿ ಮೊರೆಲೊ ಕೋಲು ಬದಿಗಿಟ್ಟು ಕೈಯಿಂದಲೇ ಡ್ರಮ್ ನುಡಿಸಿದ್ದಾನೆ. ಮರುವರ್ಷ ಬಂದ 'ಟೇಕ್ ಫೈವ್' ಜಗತ್ತಿಗೆಲ್ಲ ಪರಿಚಯವಾಯಿತು. ಅದು ಐದು ಎಣಿಕೆಯದು, ನಮ್ಮವರು ಖಂಡ ಎನ್ನುವ ಲೆಕ್ಕ. ಲಂಡನ್ನಿನ ಹುಡುಗನಿಗೆ ಇದಾವುದೂ ಗೊತ್ತಿದ್ದಿರಲಾರದು. ಆದರೂ ಆತ ಗುರುವೆಂದು ಮನಸ್ಸಿನಲ್ಲಿ ನಿಲ್ಲಿಸಿಕೊಂಡವನು ಅಬ್ಬರದ ಡ್ರಮ್ಮರನಲ್ಲ, ಲೆಕ್ಕದ ಡ್ರಮ್ಮರ್ ಎಂಬುದು ಮುಖ್ಯ.

ಹದಿನಾಲ್ಕಕ್ಕೇ ಮದುವೆಮನೆ, ಪಬ್ಬುಗಳಲ್ಲಿ ಬಾರಿಸತೊಡಗಿದ ಮೆಕ್‌ಬ್ರೇನ್ ಮುಂದಿನ ಒಂದೂವರೆ ದಶಕ ಕೂಲಿ ಡ್ರಮ್ಮರನಂತೆ ದುಡಿದ. ಕರೆದವರ ಧ್ವನಿಮುದ್ರಣಕ್ಕೆ ಹೋಗಿ ಬಾರಿಸಿ ಬರುವುದು. 1970ರ ದಶಕದ ಮಧ್ಯದಲ್ಲಿ 'ಸ್ಟ್ರೀಟ್‌ವಾಕರ್ಸ್', ಅನಂತರ ಕೆನಡಾದ ಗಿಟಾರ್ ವಾದಕ ಪ್ಯಾಟ್ ಟ್ರಾವರ್ಸ್‌ನ ತಂಡ, ಆಮೇಲೆ ಫ್ರಾನ್ಸಿನ 'ಟ್ರಸ್ಟ್'. ಎಲ್ಲಿಯೂ ನೆಲೆ ನಿಂತದ್ದಿಲ್ಲ. ಟ್ರಸ್ಟ್ ತಂಡ 1981ರಲ್ಲಿ ಐರನ್ ಮೇಡನ್ ಜೊತೆ ಪ್ರವಾಸ ಮಾಡಿತ್ತು. ಹಾಗಾಗಿ ಮೇಡನ್‌ನವರು ಆತನ ಕೈ ಬಲ್ಲವರಾಗಿದ್ದರು. ಕಾಲನ್ನೂ.

ಸ್ಟೀವ್ ಹ್ಯಾರಿಸ್ 1975ರ ಕ್ರಿಸ್‌ಮಸ್ ದಿನ ಕಟ್ಟಿದ ಐರನ್ ಮೇಡನ್ ಅಷ್ಟು ಹೊತ್ತಿಗೆ ಮೂರು ಆಲ್ಬಂ ತಂದಿತ್ತು. ಮೂರರಲ್ಲಿಯೂ ಡ್ರಮ್ ಬಾರಿಸಿದವನು ಕ್ಲೈವ್ ಬರ್. 1982ರ 'ದ ನಂಬರ್ ಆಫ್ ದ ಬೀಸ್ಟ್' ಬ್ರಿಟನ್ನಿನ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿ ತಂಡದ ಹಣೆಬರಹ ಬದಲಾಯಿಸಿದ್ದು ಅವನ ಕಾಲದಲ್ಲಿ. ಅದೇ ವರ್ಷದ ಕೊನೆಗೆ ಅವನೂ ತಂಡವೂ ಬೇರೆಯಾದರು. ಪ್ರವಾಸದ ಒತ್ತಡ ಅವನಿಗೆ ಒಗ್ಗಲಿಲ್ಲ ಎಂದು ತಂಡದವರ ಮಾತು. ತಂದೆ ತೀರಿಕೊಂಡರೆಂದು ಊರಿಗೆ ಹೋಗಿ ಬರುವಷ್ಟರಲ್ಲಿ ಜಾಗ ಹೋಗಿತ್ತು ಎಂದು ಬರ್‌ನ ಮಾತು. ಡಿಸೆಂಬರಿನಲ್ಲಿ ಆ ಜಾಗಕ್ಕೆ ಮೆಕ್‌ಬ್ರೇನ್ ಬಂದ. ವಿಚಿತ್ರವೆಂದರೆ ಬರ್ ಹೋಗಿ ಸೇರಿದ್ದು ಮೆಕ್‌ಬ್ರೇನ್ ಬಿಟ್ಟು ಬಂದ ಟ್ರಸ್ಟ್ ತಂಡವನ್ನು. ಇಬ್ಬರೂ ಜಾಗ ಅದಲುಬದಲು ಮಾಡಿಕೊಂಡಂತಾಯಿತು.

ಜನಪ್ರಿಯನಾಗಿದ್ದವನ ಜಾಗಕ್ಕೆ ಬಂದವನ ಪಾಡು ಯಾವ ಕಚೇರಿಯಲ್ಲಿಯೂ ಸುಲಭವಲ್ಲ. 1983ರ ಮೇ ತಿಂಗಳಲ್ಲಿ ಬಂದ 'ಪೀಸ್ ಆಫ್ ಮೈಂಡ್' ಆಲ್ಬಂನ ಮೊದಲ ಹಾಡು 'ವೇರ್ ಈಗಲ್ಸ್ ಡೇರ್' ಆ ಪ್ರಶ್ನೆಗೆ ಉತ್ತರ ಕೊಟ್ಟಿತು. 1968ರ ಅದೇ ಹೆಸರಿನ ಯುದ್ಧದ ಸಿನಿಮಾ ಆಧರಿಸಿದ ಹಾಡು ಅದು. ಗಿಟಾರಿಗಿಂತ ಮೊದಲು ಡ್ರಮ್ ಒಂದೇ ಸಿಡಿದು ಹಾಡನ್ನು ಎತ್ತುತ್ತದೆ, ಹೊಸಬ ಬಾಗಿಲು ಬಡಿಯದೆ ಒಳಗೆ ನುಗ್ಗಿದ ಹಾಗೆ. ಆಮೇಲೆ ಶುರುವಾಗುವುದು ಬಲಗಾಲಿನ ಕೆಲಸ. ಒಂದು ಎಣಿಕೆಗೆ ಮೂರರಂತೆ, ತಕಿಟ ತಕಿಟ ಎನ್ನುವ ನಡೆಯಲ್ಲಿ, ಬಾಸ್ ಡ್ರಮ್ ಓಡುತ್ತದೆ. ಧ್ವನಿಮುದ್ರಿಕೆ ಕೇಳಿದ ಎಷ್ಟೋ ಡ್ರಮ್ಮರ್‌ಗಳು ಇದು ಜೋಡಿ ಪೆಡಲ್ಲೇ ಸರಿ ಎಂದು ನಂಬಿದ್ದರು. ಅಲ್ಲಿದ್ದುದು ಒಂದೇ.

ಮೇಡನ್ ಸಂಗೀತದ ಗುರುತು ಕುದುರೆಯ ನಾಗಾಲೋಟದಂಥ ಲಯ. ತಾಂ-ತಕ, ತಾಂ-ತಕ ಎಂದು ಹ್ಯಾರಿಸ್‌ನ ಬಾಸ್ ಗಿಟಾರ್ ಓಡುತ್ತದೆ. ಅದರ ಜೊತೆಗೆ ಓಡಲು ಡ್ರಮ್ಮರನ ಪಾದವೂ ಗೊರಸಾಗಬೇಕು. ಎರಡು ಕಾಲಿದ್ದರೆ ಪೆಟ್ಟುಗಳನ್ನು ಹಂಚಿಕೊಳ್ಳಬಹುದು, ಒಂದು ಎದ್ದಾಗ ಇನ್ನೊಂದು ಬೀಳುತ್ತದೆ. ಒಂದೇ ಕಾಲಿಗೆ ಆ ಬಿಡುವಿಲ್ಲ. ಬಡಿದ ಸುತ್ತಿಗೆ ಚರ್ಮದಿಂದ ಪುಟಿದು ಹಿಂದೆ ಬರುವ ಗಳಿಗೆಯನ್ನೇ ಪಾದ ಹಿಡಿದುಕೊಂಡು ಮತ್ತೆ ತಳ್ಳಬೇಕು. ಉಯ್ಯಾಲೆ ತೂಗುವವರಿಗೆ ಈ ಲೆಕ್ಕ ಗೊತ್ತು: ಹೊತ್ತು ನೋಡಿ ಮುಟ್ಟಿದರೆ ಸಾಕು, ಹೊತ್ತು ತಪ್ಪಿದರೆ ಎಷ್ಟು ತಳ್ಳಿದರೂ ನಿಲ್ಲುತ್ತದೆ. ಆ ಪುಟಿತ ಬೂಟಿನ ಅಟ್ಟೆಗೆ ತಿಳಿಯುವುದಿಲ್ಲ, ಅಂಗಾಲಿಗೆ ತಿಳಿಯುತ್ತದೆ. ಮೆಕ್‌ಬ್ರೇನ್ ಬರಿಗಾಲಲ್ಲಿ ಬಾರಿಸುವುದರ ಮರ್ಮ ಇಷ್ಟೇ. ಅದರಲ್ಲಿ ಶೋಕಿ ಇಲ್ಲ.

ಇದು ಎಂಥ ದುಡಿಮೆ ಎಂಬುದಕ್ಕೆ ಒಂದು ಲೆಕ್ಕ ಸಾಕು. 1984ರ 'ಪವರ್‌ಸ್ಲೇವ್' ಆಲ್ಬಂ ಬಂದಾಗ ತಂಡ ಹೊರಟ ಪ್ರವಾಸ ಆಗಸ್ಟಿನಲ್ಲಿ, ಆಗಿನ್ನೂ ಕಮ್ಯುನಿಸ್ಟ್ ಆಡಳಿತದಲ್ಲಿದ್ದ ಪೋಲೆಂಡಿನಲ್ಲಿ ಶುರುವಾಗಿ ಮರುವರ್ಷದ ಜುಲೈಯಲ್ಲಿ ಮುಗಿಯಿತು. ಹನ್ನೊಂದು ತಿಂಗಳು, ಸುಮಾರು 190 ಕಾರ್ಯಕ್ರಮ. ಅದಕ್ಕೆ ಅವರೇ ಇಟ್ಟ ಹೆಸರು 'ವರ್ಲ್ಡ್ ಸ್ಲೇವರಿ ಟೂರ್', ಅಂದರೆ ವಿಶ್ವ ಗುಲಾಮಗಿರಿ ಪ್ರವಾಸ. ಹಾಡುಗಳ ವಸ್ತುವೂ ಸಣ್ಣದಲ್ಲ. ಕ್ರಿಮಿಯಾ ಯುದ್ಧದ ಅಶ್ವದಳ, ಕೋಲ್‌ರಿಜ್ ಕವಿಯ ಮುದಿ ನಾವಿಕ, ಅಲೆಕ್ಸಾಂಡರನ ದಂಡಯಾತ್ರೆ ಇವೆಲ್ಲ ಅಲ್ಲಿ ಬರುತ್ತವೆ. ಹೆವಿ ಮೆಟಲ್ ಎಂದರೆ ಬರೀ ಕಿರುಚಾಟ ಎನ್ನುವವರು ಈ ಪಟ್ಟಿಯನ್ನಾದರೂ ಗಮನಿಸಬೇಕು.

1990ರಲ್ಲಿ ಗಿಟಾರ್ ವಾದಕ ಏಡ್ರಿಯನ್ ಸ್ಮಿತ್ ತಂಡ ಬಿಟ್ಟ, 1993ರಲ್ಲಿ ಡಿಕಿನ್‌ಸನ್ ಬಿಟ್ಟ. 1999ರಲ್ಲಿ ಇಬ್ಬರೂ ಮರಳಿದರು. ಈ ಹೋಗಿ ಬರುವ ಗದ್ದಲದಲ್ಲಿ ಮೆಕ್‌ಬ್ರೇನ್ ಕದಲಲಿಲ್ಲ. ಹಾಡು ಬರೆಯುವವರ ಸಾಲಿನಲ್ಲಿ ಆತನ ಹೆಸರು ಮೊದಲ ಬಾರಿಗೆ ಕಾಣಿಸಿದ್ದು 2003ರ 'ಡಾನ್ಸ್ ಆಫ್ ಡೆತ್'ನಲ್ಲಿ, ಸೇರಿ ಇಪ್ಪತ್ತು ವರ್ಷದ ಮೇಲೆ. ಅದೇ ಆಲ್ಬಂನ 'ಫೇಸ್ ಇನ್ ದ ಸ್ಯಾಂಡ್' ಎಂಬ ಒಂದು ಹಾಡಿಗೆ ಜೋಡಿ ಪೆಡಲ್ ಬಳಸಿದ. ವ್ರತ ಮುರಿದದ್ದು ಅದೊಂದೇ ಸಲ.

ಬೆಂಗಳೂರಿಗೆ ಈ ತಂಡ ಬಂದದ್ದು ಹೊಸ ಊರಿಗಲ್ಲ, ಹಳೆಯ ಅಭಿಮಾನಿಗಳ ಊರಿಗೆ. ದಂಡುಪ್ರದೇಶದ ಇಂಗ್ಲಿಷ್ ಹಾಡಿನ ರೂಢಿ, ಕಾಲೇಜು ಉತ್ಸವಗಳ ಬ್ಯಾಂಡ್ ಸ್ಪರ್ಧೆ, ಕೈಯಿಂದ ಕೈಗೆ ನಕಲಾಗುತ್ತ ಹೋದ ಕ್ಯಾಸೆಟ್ಟು ಇವೆಲ್ಲ ಸೇರಿ 80, 90ರ ದಶಕದಲ್ಲಿ ಅಲ್ಲೊಂದು ಮೆಟಲ್ ಬಳಗ ಬೆಳೆದಿತ್ತು. 1998ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದ 'ಕ್ರಿಪ್ಟೋಸ್' ತಂಡ ಮುಂದೆ ಜರ್ಮನಿಯ ವಾಕನ್ ಮೆಟಲ್ ಉತ್ಸವದವರೆಗೂ ಹೋಯಿತು. 2003ರಲ್ಲಿ 'ರೋಲಿಂಗ್ ಸ್ಟೋನ್ಸ್' ಬೆಂಗಳೂರಿಗೆ ಬಂದಾಗ ಸೇರಿದವರಲ್ಲಿ ಅಪ್ಪಂದಿರೂ ಇದ್ದರು. ಮೇಡನ್ ಬಂದಾಗ ಮಕ್ಕಳದೇ ಜಾತ್ರೆ. ಅಂದು ಮೇಡನ್‌ಗೆ ಮುಂಚೆ ನುಡಿಸಿದ ದೆಹಲಿಯ 'ಪರಿಕ್ರಮ' ತಂಡಕ್ಕೆ ಅದೇ ಬೇಸಿಗೆಯಲ್ಲಿ ಇಂಗ್ಲೆಂಡಿನ ಡೌನ್‌ಲೋಡ್ ಉತ್ಸವದ ವೇದಿಕೆ ದೊರಕಿತು. 2009ರ ಫೆಬ್ರುವರಿ 15ರಂದು ಮೇಡನ್ ಮತ್ತೆ ಅರಮನೆ ಮೈದಾನಕ್ಕೆ ಬಂತು. ಆ ಸಲ ತಂಡವನ್ನೂ ಸಾಮಾನನ್ನೂ ಹೊತ್ತ ಬೋಯಿಂಗ್ 757 ವಿಮಾನವನ್ನು ಹಾರಿಸುತ್ತಿದ್ದವನು ಹಾಡುಗಾರ ಡಿಕಿನ್‌ಸನ್ನೇ. 2011ರ ಅಕ್ಟೋಬರಿನಲ್ಲಿ 'ಮೆಟಾಲಿಕಾ' ಕೂಡ ಬೆಂಗಳೂರನ್ನು ಆರಿಸಿಕೊಂಡದ್ದರ ಹಿಂದೆ ಮೇಡನ್ ತುಳಿದ ಜಾಡಿತ್ತು.

ಈ ನಡುವೆ ಕ್ಲೈವ್ ಬರ್‌ನ ಕಥೆ ಬೇರೆ ದಾರಿ ಹಿಡಿದಿತ್ತು. ಮಲ್ಟಿಪಲ್ ಸ್ಕ್ಲಿರೋಸಿಸ್ ಎಂಬ ನರರೋಗ ಅವನ ಕೈಕಾಲುಗಳನ್ನು ಒಂದೊಂದಾಗಿ ಕಸಿದುಕೊಂಡಿತು. ಮೊದಲು ಹೋದದ್ದು ಕೋಲು ಹಿಡಿಯುವ ಬಿಗಿ. 2002ರಲ್ಲಿ ಮೇಡನ್ ತಂಡ ಲಂಡನ್ನಿನ ಬ್ರಿಕ್ಸ್‌ಟನ್‌ನಲ್ಲಿ ಅವನ ಚಿಕಿತ್ಸೆಯ ನಿಧಿಗೆಂದು ಕಾರ್ಯಕ್ರಮ ನಡೆಸಿತು. ಬರ್ ಕಟ್ಟಿದ ಲಯಗಳನ್ನು ಅವನಿಗಾಗಿ ಬಾರಿಸಿದವನು ಮೆಕ್‌ಬ್ರೇನ್. ಜಾಗ ಕಳೆದುಕೊಂಡವನಿಗೆ ಜಾಗ ಪಡೆದವನು ಸಲ್ಲಿಸಿದ ಸೇವೆ. 2013ರ ಮಾರ್ಚ್ 12ರಂದು, 56 ತುಂಬಿ ನಾಲ್ಕೇ ದಿನಕ್ಕೆ, ಬರ್ ತೀರಿಕೊಂಡ.

2023ರ ಜನವರಿಯಲ್ಲಿ ಮೆಕ್‌ಬ್ರೇನ್‌ಗೆ ಪಾರ್ಶ್ವವಾಯು ಬಡಿಯಿತು. ನಮ್ಮ ಹಳ್ಳಿಗಳ ಕಡೆ ಲಕ್ವ ಎನ್ನುತ್ತಾರೆ. ಭುಜದಿಂದ ಕೆಳಕ್ಕೆ ಬಲಭಾಗ ಸ್ವಾಧೀನ ತಪ್ಪಿತು. ನಲವತ್ತು ವರ್ಷ ಇಡೀ ತಂಡವನ್ನು ಹೊತ್ತ ಕಾಲು ಇದ್ದುದು ಆ ಕಡೆಯೇ. ವಯಸ್ಸು ಎಪ್ಪತ್ತು ದಾಟಿತ್ತು, ಮೇ ತಿಂಗಳಿಗೆ ಪ್ರವಾಸ ಗೊತ್ತಾಗಿತ್ತು.

ಇಂಥ ಕಡೆ 'ಡೆಫ್ ಲೆಪರ್ಡ್' ತಂಡದ ರಿಕ್ ಆಲನ್‌ನ ನೆನಪು ಬಾರದಿರದು. 1984ರ ಕೊನೆಯ ದಿನ ಕಾರು ಅಪಘಾತದಲ್ಲಿ ಎಡಗೈ ಕಳೆದುಕೊಂಡ ಆತ, ಆ ಕೈಯ ಕೆಲಸವನ್ನು ಎಡಗಾಲಿಗೆ ಕಲಿಸಿ, ವಿದ್ಯುತ್ ಪೆಡಲ್‌ಗಳ ಹೊಸ ಸೆಟ್ ಮಾಡಿಸಿಕೊಂಡು 1986ರಲ್ಲಿ ವೇದಿಕೆಗೆ ಮರಳಿದ. ಆಗ ಆತನಿಗೆ ಇಪ್ಪತ್ತೆರಡು ವರ್ಷ. ಮೆಕ್‌ಬ್ರೇನ್‌ಗೆ ಅಷ್ಟು ಕಾಲವೂ ಇರಲಿಲ್ಲ, ಆ ವಯಸ್ಸೂ ಅಲ್ಲ. ಹತ್ತು ವಾರ ಕಠಿಣ ವ್ಯಾಯಾಮ ಚಿಕಿತ್ಸೆ ನಡೆಯಿತು. ತಾಲೀಮಿನ ಹೊತ್ತಿಗೆ ಶೇಕಡ 70ರಷ್ಟು ಶಕ್ತಿ ಮರಳಿತ್ತು ಎಂದು ಆತನೇ ಆಗಸ್ಟಿನಲ್ಲಿ ಪ್ರಕಟಿಸಿದ. ಅಲ್ಲಿಯವರೆಗೆ ಅಭಿಮಾನಿಗಳಿಗೆ ವಿಷಯವೇ ಗೊತ್ತಿರಲಿಲ್ಲ.

2023ರ ಮೇ 28ರಂದು ಸ್ಲೊವೇನಿಯಾದ ಲ್ಯುಬ್ಲಿಯಾನಾದಲ್ಲಿ ಪ್ರವಾಸ ಆರಂಭವಾಯಿತು. ಅಂದು ತಂಡ 'ಅಲೆಕ್ಸಾಂಡರ್ ದ ಗ್ರೇಟ್' ನುಡಿಸಿತು. 1986ರಲ್ಲಿ ಮುದ್ರಿಸಿದ್ದ, ಎಂಟು ನಿಮಿಷ ಮೀರುವ ಆ ಹಾಡನ್ನು ತಂಡ ಅಲ್ಲಿಯವರೆಗೆ ಒಮ್ಮೆಯೂ ವೇದಿಕೆಗೆ ತಂದಿರಲಿಲ್ಲ. ಅಭಿಮಾನಿಗಳು ಮೂವತ್ತೇಳು ವರ್ಷ ಬೇಡಿದ್ದ ಹಾಡು ಸಿಕ್ಕಿದ್ದು ಡ್ರಮ್ಮರನ ಬಲಗೈ, ಬಲಗಾಲು ಅರೆಬರೆ ಮಾತು ಕೇಳುತ್ತಿದ್ದ ದಿನಗಳಲ್ಲಿ. ಕೆಲವನ್ನು ಬಿಟ್ಟುಕೊಡಬೇಕಾಯಿತು. 'ದ ಟ್ರೂಪರ್' ಹಾಡಿನ ವೇಗದ ಉರುಳಿಕೆಗಳು ಮೊದಲಿನಂತೆ ತನ್ನಿಂದ ಆಗುವುದಿಲ್ಲ ಎಂದು ಆತ ಮುಚ್ಚಿಡದೆ ಹೇಳಿಕೊಂಡ. ಆ ಜಾಗಗಳಲ್ಲಿ ಸರಳ ಪೆಟ್ಟು ಹಾಕಿ ಲಯವನ್ನಷ್ಟೇ ಕಾಯ್ದ. ಕೆಲವು ಕೇಳುಗರು ಗೊಣಗಿದರು. ಆದರೆ ಎರಡು ವರ್ಷದ ಆ ಪ್ರವಾಸದುದ್ದಕ್ಕೂ ಆ ಪೀಠದಲ್ಲಿ ಬೇರೆಯವರು ಕೂರಲಿಲ್ಲ.

2024ರ ಡಿಸೆಂಬರ್ 7ರಂದು, ಬ್ರೆಜಿಲ್‌ನ ಸಾವ್ ಪಾವ್ಲೊ ನಗರದ ಕಾರ್ಯಕ್ರಮಕ್ಕೆ ಕೆಲವೇ ಗಂಟೆಗಳ ಮುಂಚೆ, ಪ್ರವಾಸದಲ್ಲಿ ಇದೇ ತನ್ನ ಕೊನೆಯ ರಾತ್ರಿ ಎಂದು ಮೆಕ್‌ಬ್ರೇನ್ ಪ್ರಕಟಿಸಿದ. ಸೇರಿ 42 ವರ್ಷವಾಗಿತ್ತು. ಮರುದಿನ ಹೊಸ ಡ್ರಮ್ಮರನ ಹೆಸರು ಹೊರಬಿತ್ತು: ಸೈಮನ್ ಡಾಸನ್, ಹ್ಯಾರಿಸ್‌ನ ಇನ್ನೊಂದು ತಂಡ 'ಬ್ರಿಟಿಷ್ ಲಯನ್'ನಲ್ಲಿ ಬಾರಿಸುತ್ತಿದ್ದವನು. 2025ರ ಮೇ 27ರಂದು ಬುಡಾಪೆಸ್ಟ್‌ನಲ್ಲಿ ಆತ ಮೊದಲ ಬಾರಿಗೆ ಆ ಪೀಠದಲ್ಲಿ ಕುಳಿತ. ತಂಡಕ್ಕೆ ಐವತ್ತು ತುಂಬುವ ಹೊತ್ತಿನ ಆ ಪ್ರವಾಸಕ್ಕೆ ಹಾಡುಗಳನ್ನು ಆಯ್ದದ್ದು ಮೊದಲ ಒಂಬತ್ತು ಆಲ್ಬಂಗಳಿಂದ. ಅವುಗಳಲ್ಲಿ ಮೂರು ಕ್ಲೈವ್ ಬರ್ ಬಾರಿಸಿದವು, ಆರು ನಿಕೊ ಮೆಕ್‌ಬ್ರೇನ್ ಬಾರಿಸಿದವು.